ಗಾಡಿ ನಮ್ಮದು, ಒಳಗಿನ ಮಾಹಿತಿ ಯಾರದು? ಚೆಕ್ ಎಂಜಿನ್ ಲೈಟನ್ನು ಮೊಬೈಲಿನಲ್ಲೇ ಓದೋದು ಹೀಗೆ

ಪಿಕಪ್ ಇಟ್ಟುಕೊಂಡಿರುವ ರೈತರಿಗೆಲ್ಲ ಆ ಹಳದಿ ದೀಪ ಗೊತ್ತಿರುತ್ತೆ. ಸ್ಪೀಡೋಮೀಟರ್ ಪಕ್ಕದಲ್ಲಿ ಎಂಜಿನ್ ಆಕಾರದ ಒಂದು ಸಣ್ಣ ಚಿತ್ರ. ಒಂದು ದಿನ ಹತ್ತಿಕೊಳ್ಳುತ್ತೆ, ಆಮೇಲೆ ಆರೋದೇ ಇಲ್ಲ. ಗಾಡಿ ಓಡ್ತಾ ಇರುತ್ತೆ, ಸದ್ದೂ ಸರಿಯಾಗೇ ಇರುತ್ತೆ. ಊರಿನ ಮೆಕ್ಯಾನಿಕ್ ಹತ್ರ ಹೋದರೆ, "ಇದು ಬಿಎಸ್-6 ಗಾಡಿ, ಕಂಪ್ಯೂಟರ್ ಹಾಕಿ ನೋಡ್ಬೇಕು, ಶೋರೂಮಿಗೆ ಹೋಗಿ" ಅಂತಾರೆ. ಶೋರೂಮ್ ಇರೋದು ಜಿಲ್ಲಾ ಕೇಂದ್ರದಲ್ಲಿ. ಅಲ್ಲಿ ಲ್ಯಾಪ್‌ಟಾಪ್ ಹಾಕಿ ಐದು ನಿಮಿಷ ನೋಡ್ತಾರೆ, ಆಮೇಲೆ ಎಸ್ಟಿಮೇಟ್ ಕೈಗೆ ಬರುತ್ತೆ. ಸ್ಕ್ರೀನ್ ಮೇಲೆ ಏನಿತ್ತು ಅನ್ನೋದು ಮಾತ್ರ ನಮಗೆ ಗೊತ್ತಾಗೋದೇ ಇಲ್ಲ.

ಆ ಸ್ಕ್ರೀನ್ ಮೇಲೆ ಕಾಣೋದರಲ್ಲಿ ಸಾಕಷ್ಟನ್ನು ನಿಮ್ಮ ಜೇಬಿನ ಮೊಬೈಲಿನಲ್ಲೇ ಓದಬಹುದು. ಅದಕ್ಕೆ ಬೇಕಾದ ಸಾಕೆಟ್ ನಿಮ್ಮ ಗಾಡಿಯಲ್ಲಿ ಈಗಾಗಲೇ ಇದೆ. ನೀವು ದುಡ್ಡು ಕೊಟ್ಟು ಕೊಂಡಿರುವ ಗಾಡಿ ತನ್ನ ಕಾಯಿಲೆಯನ್ನು ತಾನೇ ಬರೆದಿಟ್ಟುಕೊಂಡಿರುತ್ತೆ. ಅದನ್ನು ಓದೋದು ಹೇಗೆ, ಎಷ್ಟರಮಟ್ಟಿಗೆ ನಂಬಬಹುದು, ಟ್ರ್ಯಾಕ್ಟರ್ ವಿಷಯದಲ್ಲಿ ಯಾಕೆ ಇದು ಅಷ್ಟು ಸುಲಭ ಇಲ್ಲ ಅನ್ನೋದನ್ನು ಈ ವಾರ ನೋಡೋಣ.

ಈ ಸಾಕೆಟ್ ಬಂದದ್ದು ಹೊಗೆಯಿಂದ

ಇದರ ಹೆಸರು ಒಬಿಡಿ. ಗಾಡಿಯೊಳಗೇ ಕೂತು ಗಾಡಿಯನ್ನು ತಪಾಸಣೆ ಮಾಡುವ ವ್ಯವಸ್ಥೆ ಅಂತ ಅರ್ಥ ಮಾಡ್ಕೊಳ್ಳಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಯುಮಾಲಿನ್ಯ ವಿಪರೀತ ಆದಾಗ, ಹೊಗೆ ನಿಯಂತ್ರಿಸುವ ಭಾಗಗಳು ಕೆಟ್ಟರೆ ಗಾಡಿಯೇ ದೀಪ ಹಚ್ಚಿ ಹೇಳಬೇಕು ಅಂತ ಅಲ್ಲಿನ ಸರ್ಕಾರ ನಿಯಮ ಮಾಡಿತು. ಮೊದಮೊದಲು ಕಂಪನಿಗೊಂದು ಸಾಕೆಟ್, ಕಂಪನಿಗೊಂದು ಭಾಷೆ. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೂ ಒಂದೇ ಆಕಾರದ 16 ಪಿನ್ನಿನ ಸಾಕೆಟ್, ಒಂದೇ ರೀತಿಯ ಕೋಡ್ ಕಡ್ಡಾಯ ಆಯಿತು. ಅದೇ ಒಬಿಡಿ-2. ನಮ್ಮ ದೇಶದಲ್ಲಿ ಬಿಎಸ್-4 ಗಾಡಿಗಳಿಗೆ 2010ರ ಏಪ್ರಿಲ್‌ನಿಂದ ಮೊದಲ ಹಂತದ ಒಬಿಡಿ, 2013ರ ಏಪ್ರಿಲ್‌ನಿಂದ ಎರಡನೇ ಹಂತದ ಒಬಿಡಿ ಬಂತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲಂತೂ ಸೆನ್ಸರ್‌ಗಳು ಹೆಚ್ಚಾದವು, ಹಳದಿ ದೀಪವೂ ಹೆಚ್ಚು ಸಲ ಹತ್ತೋಕೆ ಶುರುವಾಯಿತು.

ಎಲ್ಲ ಕಂಪನಿಗೂ ಒಂದೇ ಸಾಕೆಟ್ ಅಂತ ಆದದ್ದೇ ನಮಗೆ ದೊಡ್ಡ ಲಾಭ. ಫೋನಿನ ಚಾರ್ಜರ್ ಎಲ್ಲಕ್ಕೂ ಒಂದೇ ಆದಂಗೆ. ಸ್ಟೀರಿಂಗ್ ಕೆಳಗೆ, ಡ್ರೈವರ್ ಮೊಣಕಾಲಿನ ಹತ್ರ ಕೈ ಹಾಕಿ ನೋಡಿ. ಮೇಲೆ ಅಗಲ, ಕೆಳಗೆ ಕಿರಿದಾದ ಪ್ಲಾಸ್ಟಿಕ್ ಸಾಕೆಟ್ ಸಿಗುತ್ತೆ. ಕೆಲವು ಗಾಡಿಗಳಲ್ಲಿ ಫ್ಯೂಸ್ ಬಾಕ್ಸಿನ ಮುಚ್ಚಳದ ಹಿಂದೆ ಇರುತ್ತೆ.

ಚಿಕ್ಕಪ್ಪನ ಪಿಕಪ್

ನಮ್ಮ ಚಿಕ್ಕಪ್ಪನ ಹತ್ರ ಒಂದು ಬಿಎಸ್-6 ಡೀಸೆಲ್ ಪಿಕಪ್ ಇದೆ. ವಾರಂಟಿ ಮುಗಿದಿದೆ. ಟೊಮೆಟೊ ಸೀಜನ್ನಿನಲ್ಲಿ ವಾರಕ್ಕೆ ಮೂರು ಸಲ ಮುಳಬಾಗಿಲು ಕಡೆಯಿಂದ ಕೋಲಾರ ಮಾರುಕಟ್ಟೆಗೆ ನೂರು ಬಾಕ್ಸ್ ಹಾಕ್ಕೊಂಡು ಹೋಗುತ್ತೆ. ಕಳೆದ ವರ್ಷ ಒಂದು ದಿನ ದೀಪ ಹತ್ತಿತು, ಏರು ಬಂದಾಗ ಗಾಡಿಗೆ ಎಳೆಯೋ ಶಕ್ತಿಯೇ ಇಲ್ಲ. ಕಂಪ್ಯೂಟರ್ ತಾನಾಗಿ ಎಂಜಿನ್ನಿನ ಜೋರು ತಗ್ಗಿಸಿ ಕುಂಟಿಕೊಂಡು ಹೋಗುವಂತೆ ಮಾಡುತ್ತಲ್ಲ, ಲಿಂಪ್ ಮೋಡ್ ಅಂತಾರೆ, ಅದಕ್ಕೆ ಹೋಗಿತ್ತು.

ಸರ್ವಿಸ್ ಸೆಂಟರಿನಲ್ಲಿ ನೋಡಿದರು. "ಸೈಲೆನ್ಸರ್ ಫಿಲ್ಟರ್ ಹೋಗಿದೆ, ಬದಲಾಯಿಸಬೇಕು, ಸುಮಾರು 90 ಸಾವಿರ ಆಗುತ್ತೆ, ಪಾರ್ಟ್ ಬರೋಕೆ ನಾಲ್ಕು ದಿನ" ಅಂದರು. ಫಿಲ್ಟರ್ ಅಂದ್ರೆ ಡಿಪಿಎಫ್, ಡೀಸೆಲ್ ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಭಾಗ. ಮಾರನೇ ದಿನ ಹಣ್ಣು ಬಿಡಿಸಬೇಕಿತ್ತು, ಆಳುಗಳಿಗೆ ಹೇಳಿ ಆಗಿತ್ತು. ಬಾಡಿಗೆ ಗಾಡಿ ಹುಡುಕೋಣ ಅಂತ ಚಿಕ್ಕಪ್ಪ ಗಾಡಿಯನ್ನು ಹಾಗೇ ಊರಿಗೆ ತಂದರು.

"ನಿನ್ನ ಹತ್ರ ಅದೇನೋ ಮೊಬೈಲ್ ಡಬ್ಬಿ ಇದೆಯಲ್ಲಪ್ಪ, ಹಾಕಿ ನೋಡು" ಅಂದ್ರು.

ಹಾಕಿ ನೋಡಿದೆ. ಒಂದೇ ಒಂದು ಕೋಡ್ ಇತ್ತು: ಪಿ2453. ಡಿಪಿಎಫ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ ಅಳೆಯುವ ಸೆನ್ಸರ್‌ನಿಂದ ಬರುವ ಲೆಕ್ಕ ನಂಬುವ ಹಾಗಿಲ್ಲ ಅನ್ನೋದು ಇದರ ಅರ್ಥ. ಮಸಿ ಮಿತಿ ಮೀರಿ ತುಂಬಿದೆ ಅನ್ನೋದಕ್ಕೆ ಬೇರೆ ಕೋಡ್ ಇದೆ, ಪಿ2463. ಅದು ಇರಲಿಲ್ಲ. ಅಂದ್ರೆ ಗಾಡಿ ಫಿಲ್ಟರ್ ಕಟ್ಟಿಕೊಂಡಿದೆ ಅಂತ ಹೇಳ್ತಾನೇ ಇರಲಿಲ್ಲ, ನನ್ನ ಅಳತೆಗೋಲು ಸರಿ ಇಲ್ಲ ಅಂತ ಹೇಳ್ತಿತ್ತು.

ಆ ಒತ್ತಡದ ಅಂಕಿ ಆ ಗಾಡಿಯಲ್ಲಿ ಆ್ಯಪ್‌ಗೆ ಸಿಗುತ್ತಿತ್ತು. (ಎಲ್ಲ ಗಾಡಿಯೂ ಅದನ್ನು ಕೊಡೋದಿಲ್ಲ.) ಎಂಜಿನ್ ಆಫ್ ಇದ್ದಾಗ ಸೊನ್ನೆ, ಅದು ಸರಿ. ಸ್ಟಾರ್ಟ್ ಮಾಡಿ ರೇಸ್ ಕೊಟ್ಟರೆ ಅಂಕಿ ಏರಬೇಕು. ಏರಲೇ ಇಲ್ಲ, ಸೊನ್ನೆಯ ಹತ್ರಾನೇ ನಿಂತಿತ್ತು. ಫೋಟೊ ತೆಗೆದು ನಮ್ಮೂರ ಮೆಕ್ಯಾನಿಕ್‌ಗೆ ತೋರಿಸಿದೆ.

"ಪೈಪ್ ನೋಡಿದ್ರಾ?" ಅಂದ.

"ಇಲ್ಲ ಭಾಯ್, ನೀವೇ ನೋಡಿ."

ಫಿಲ್ಟರ್‌ನಿಂದ ಆ ಸೆನ್ಸರ್‌ಗೆ ಎರಡು ಸಣ್ಣ ಪೈಪ್ ಹೋಗಿರುತ್ತೆ. ಗಾಡಿ ಕೆಳಗೆ ನುಗ್ಗಿ ನೋಡಿದರೆ, ಮುಂದಿನ ಪೈಪು ಕ್ಲಿಪ್ಪಿನ ಹತ್ರ ಸೀಳಿತ್ತು. ಬಿಸಿ ತಡೆಯುವ ಹೊಸ ಪೈಪು, ಎರಡು ಕ್ಲಿಪ್ಪು, ಕೂಲಿ ಸೇರಿ 700 ರೂಪಾಯಿ. ಕೋಡ್ ಅಳಿಸಿ ರೇಸ್ ಕೊಟ್ಟಾಗ ಅಂಕಿ ಏರಿತು. ರಾತ್ರಿಯೇ ಗಾಡಿ ಏರಿನಲ್ಲಿ ಓಡಿಸಿ ನೋಡಿದೆವು, ಎಳೀತು. ಬೆಳಿಗ್ಗೆ ಹರಾಜಿನ ಹೊತ್ತಿಗೆ ಹಣ್ಣು ಮಂಡಿಯಲ್ಲಿತ್ತು.

ಸರ್ವಿಸ್ ಸೆಂಟರ್‌ನವರು ಮೋಸ ಮಾಡಿದರು ಅಂತ ನಾನು ಹೇಳೋದಿಲ್ಲ. ದಿನಕ್ಕೆ ಹತ್ತಾರು ಗಾಡಿ ಬರುವ ಕಡೆ, ಡಿಪಿಎಫ್ ಅನ್ನೋ ಪದ ಕಂಡ ತಕ್ಷಣ ಡಿಪಿಎಫ್ ಬದಲಾಯಿಸಿ ಅನ್ನೋದು ಸುಲಭದ ದಾರಿ. ಆದರೆ ಅವರ ಎಸ್ಟಿಮೇಟ್ ಹಾಳೆಯಲ್ಲಿ ಕೋಡಿನ ನಂಬರ್ ಬರೆದೇ ಇರಲಿಲ್ಲ. ಬರೆದಿದ್ದರೆ ಅವತ್ತೇ, ಅಲ್ಲೇ ನಿಂತು "ಸರ್, ಇದು ಸೆನ್ಸರ್ ಕೋಡ್ ಅಲ್ವಾ, ಪೈಪ್ ನೋಡಿದ್ರಾ?" ಅಂತ ಕೇಳಬಹುದಿತ್ತು. ನನ್ನ ತಕರಾರು ಅಷ್ಟೇ.

ಏನು ಕೊಳ್ಳಬೇಕು, ಹೇಗೆ ಹಾಕಬೇಕು

ಬೇಕಾಗಿರೋದು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಬ್ಲೂಟೂತ್ ಅಡಾಪ್ಟರ್. ಆನ್‌ಲೈನಿನಲ್ಲಿ "ಇಎಲ್ಎಂ 327" ಅಂತ ಹುಡುಕಿದರೆ ಕೆಲವು ನೂರು ರೂಪಾಯಿಯಿಂದ ಕೆಲವು ಸಾವಿರದವರೆಗೂ ಸಿಗುತ್ತೆ. ಇದು ಕೆನಡಾದ ಒಂದು ಸಣ್ಣ ಕಂಪನಿ ಮಾಡಿದ್ದ ಚಿಪ್ಪಿನ ಹೆಸರು. ಈಗ ಮಾರ್ಕೆಟ್‌ನಲ್ಲಿರೋದರಲ್ಲಿ ಬಹುಪಾಲು ಅದರ ನಕಲು. ಅತೀ ಅಗ್ಗದ ನಕಲುಗಳು ಕೆಲವು ಗಾಡಿಗಳ ಭಾಷೆ ಮಾತಾಡೋದಿಲ್ಲ, ಮಧ್ಯದಲ್ಲೇ ಸಂಪರ್ಕ ಕಡಿದುಕೊಳ್ತವೆ. ವಾಪಸ್ ಮಾಡುವ ಅವಕಾಶ ಇರುವ ಕಡೆ ತಗೊಳ್ಳಿ, ಬಂದ ದಿನವೇ ಗಾಡಿಗೆ ಹಾಕಿ ನೋಡಿ. ಐಫೋನ್ ಇದ್ದವರಿಗೆ ಸಾಮಾನ್ಯ ಬ್ಲೂಟೂತ್ ಅಡಾಪ್ಟರ್ ಕೆಲಸ ಮಾಡೋದಿಲ್ಲ, ವೈಫೈ ಅಥವಾ ಬ್ಲೂಟೂತ್ ಎಲ್ಇ ಇರೋದು ಬೇಕು. ಒಂದು ಊರಿಗೆ ಒಂದು ಸಾಕು. ನಿಮ್ಮ ರೈತ ಉತ್ಪಾದಕ ಕಂಪನಿಯೋ ಹಾಲಿನ ಡೇರಿಯ ಗೆಳೆಯರೋ ಸೇರಿ ಒಂದು ಒಳ್ಳೇದು ತಗೊಂಡರೆ ಹತ್ತು ಗಾಡಿಗೆ ಆಗುತ್ತೆ.

ಗಾಡಿ ಆಫ್ ಇರುವಾಗ ಸಾಕೆಟ್‌ಗೆ ಚುಚ್ಚಿ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡೋದು ಬೇಡ. ಮೊಬೈಲಿನ ಬ್ಲೂಟೂತ್‌ನಲ್ಲಿ ಜೋಡಿಸಿ. ಪಿನ್ ಕೇಳಿದರೆ ಸಾಮಾನ್ಯವಾಗಿ 1234 ಅಥವಾ 0000. ಆಮೇಲೆ ಆ್ಯಪ್ ತೆರೆಯಿರಿ. ಕಾರ್ ಸ್ಕ್ಯಾನರ್, ಟಾರ್ಕ್ ಲೈಟ್ ಇಂಥವು ಉಚಿತವಾಗೇ ಸಿಗುತ್ತವೆ, ಕೋಡ್ ಓದೋಕೆ ಅಷ್ಟು ಸಾಕು. ಕೋಡ್ ಬಂದ ತಕ್ಷಣ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಬೇರೇನೂ ಮಾಡೋಕೆ ಮುಂಚೆ ಸ್ಕ್ರೀನ್‌ಶಾಟ್.

ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರೆ, ಎಲ್ಲ ಆ್ಯಪ್‌ನಲ್ಲೂ "ಕ್ಲಿಯರ್" ಅನ್ನೋ ಒಂದು ಬಟನ್ ಇರುತ್ತೆ. ಒತ್ತಿದರೆ ದೀಪ ಆರುತ್ತೆ, ಖುಷಿ ಆಗುತ್ತೆ. ಆದರೆ ಅದರ ಜೊತೆಗೆ ತೊಂದರೆ ಬಂದ ಕ್ಷಣದಲ್ಲಿ ಗಾಡಿ ಬರೆದಿಟ್ಟುಕೊಂಡ ಲೆಕ್ಕವೂ ಅಳಿಸಿ ಹೋಗುತ್ತೆ. ಫ್ರೀಜ್ ಫ್ರೇಮ್ ಅಂತಾರೆ ಅದಕ್ಕೆ. ಆಗ ಎಷ್ಟು ವೇಗ ಇತ್ತು, ಎಂಜಿನ್ ಎಷ್ಟು ಬಿಸಿ ಇತ್ತು, ಲೋಡ್ ಎಷ್ಟಿತ್ತು ಅನ್ನೋದೆಲ್ಲ ಅದರಲ್ಲಿರುತ್ತೆ. ಮೆಕ್ಯಾನಿಕ್‌ಗೆ ಅದು ಚಿನ್ನ. ಕಾಯಿಲೆ ಹಾಗೇ ಇದ್ದರೆ ದೀಪ ಎರಡು ದಿನದಲ್ಲಿ ಮತ್ತೆ ಬರುತ್ತೆ, ಲೆಕ್ಕ ಮಾತ್ರ ವಾಪಸ್ ಬರೋದಿಲ್ಲ.

ಇನ್ನೂ ಮೂರು ಎಚ್ಚರಿಕೆ. ದೊಡ್ಡ ಲಾರಿಗಳು 24 ವೋಲ್ಟಿನವು, ಕಾರಿನ ಅಡಾಪ್ಟರನ್ನು ಅದಕ್ಕೆ ಚುಚ್ಚಬೇಡಿ. ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ. ಆ ಸಾಕೆಟ್‌ಗೆ ಬ್ಯಾಟರಿಯಿಂದ ಸದಾ ಕರೆಂಟ್ ಬರ್ತಾ ಇರುತ್ತೆ, ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಇಳಿಯುತ್ತೆ. ಗಾಡಿ ಓಡಿಸ್ತಾ ಮೊಬೈಲ್ ನೋಡೋದಂತೂ ಬೇಡವೇ ಬೇಡ, ಪಕ್ಕದಲ್ಲಿ ಕೂತವರು ನೋಡಲಿ. ಹಾಂ, ಇದೇ ಸಾಕೆಟ್‌ಗೆ ಹಾಕಿದರೆ ಮೈಲೇಜ್ ಹೆಚ್ಚುತ್ತೆ ಅಂತ ಮಾರುವ ಡಬ್ಬಿಗಳೂ ಇವೆ. ಅವುಗಳಲ್ಲಿ ಮಿನುಗುವ ದೀಪ ಬಿಟ್ಟು ಹೆಚ್ಚೇನೂ ಇರೋದಿಲ್ಲ, ದುಡ್ಡು ಕಳ್ಕೋಬೇಡಿ.

ಕೋಡ್ ಬಂತು ಅಂದ್ರೆ ಪಾರ್ಟ್ ಹೋಯ್ತು ಅಂತ ಅಲ್ಲ

ಕೋಡಿನ ಮೊದಲ ಅಕ್ಷರ ಪಿ ಇದ್ದರೆ ಎಂಜಿನ್ ಮತ್ತು ಗೇರ್ ಬಾಕ್ಸಿಗೆ ಸೇರಿದ್ದು. ಸಿ ಇದ್ದರೆ ಬ್ರೇಕ್, ಸ್ಟೀರಿಂಗ್ ಕಡೆ. ಬಿ ಇದ್ದರೆ ಬಾಡಿ. ಯು ಇದ್ದರೆ ಗಾಡಿಯೊಳಗಿನ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡ್ತಿಲ್ಲ ಅಂತ. ಪಿ ಆದಮೇಲೆ ಸೊನ್ನೆ ಇದ್ದರೆ ಅದು ಎಲ್ಲ ಕಂಪನಿಗೂ ಒಂದೇ ಅರ್ಥದ ಕೋಡ್. 1 ಇದ್ದರೆ ಆ ಕಂಪನಿಯದೇ ಸ್ವಂತ ಕೋಡ್, ಇಂಟರ್‌ನೆಟ್ಟಿನಲ್ಲಿ ಬೇರೆ ಕಂಪನಿಯ ಅರ್ಥ ನೋಡಿ ಮೋಸ ಹೋಗಬಾರದು.

ಡೀಸೆಲ್ ಗಾಡಿಯಲ್ಲಿ ಆಗಾಗ ಕಾಣೋದು ಪಿ0087. ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ರೈಲ್‌ನಲ್ಲಿ ಒತ್ತಡ ಕಮ್ಮಿ ಅಂತ ಅರ್ಥ. ಇದನ್ನು ಕಂಡು ಕೆಲವರು ನೇರ ಪಂಪಿಗೇ ಕೈ ಹಾಕ್ತಾರೆ. ಆದರೆ ಡೀಸೆಲ್ ಫಿಲ್ಟರ್ ಕಟ್ಟಿದ್ದರೂ ಇದೇ ಕೋಡ್, ಪೈಪಿನಲ್ಲಿ ಗಾಳಿ ಹಿಡಿದಿದ್ದರೂ ಇದೇ, ಇಂಜೆಕ್ಟರ್ ಸೋರ್ತಿದ್ದರೂ ಇದೇ, ಟ್ಯಾಂಕ್ ಖಾಲಿ ಮಾಡಿ ಓಡಿಸಿದರೂ ಇದೇ. ಅಗ್ಗದ್ದರಿಂದ ಶುರು ಮಾಡಿ ದುಬಾರಿ ಕಡೆ ಹೋಗಬೇಕು. ಮೊದಲು ಫಿಲ್ಟರ್. ಅದರಲ್ಲೂ ಡ್ರಮ್ಮಿನಲ್ಲಿ ಡೀಸೆಲ್ ತಂದಿಟ್ಟುಕೊಂಡು ಹಾಕುವವರು ಫಿಲ್ಟರ್ ಕೆಳಗಿನ ನೀರು ಬಿಡೋದನ್ನು ಮರೀಬೇಡಿ. ಕಾಮನ್ ರೈಲ್ ಎಂಜಿನ್ನಿಗೆ ನೀರು ಸೇರಿದ ಡೀಸೆಲ್ ಅಂದ್ರೆ ವಿಷ.

ಪಿ0562 ಬಂದರೆ ವೋಲ್ಟೇಜ್ ಕಮ್ಮಿ. ಬ್ಯಾಟರಿ ಬದಲಾಯಿಸೋಕೆ ಮುಂಚೆ ಟರ್ಮಿನಲ್ ಮೇಲಿನ ಬಿಳಿ ಪುಡಿ ಉಜ್ಜಿ ತೆಗೆದು ಬಿಗಿ ಮಾಡಿ, ಆಲ್ಟರ್ನೇಟರ್ ಬೆಲ್ಟ್ ಸಡಿಲ ಇದೆಯಾ ನೋಡಿ. ಪಿ0118 ಅಂದ್ರೆ ಎಂಜಿನ್ ಬಿಸಿ ಅಳೆಯುವ ಸೆನ್ಸರ್‌ನ ಸರ್ಕ್ಯೂಟಿನಲ್ಲಿ ತೊಂದರೆ. ಎಷ್ಟೋ ಸಲ ಪ್ಲಗ್ ಸಡಿಲ ಆಗಿರುತ್ತೆ, ಇಲ್ಲಾ ಇಲಿ ವೈರ್ ಕಡಿದಿರುತ್ತೆ. ಹುಲ್ಲಿನ ಬಣವೆ ಪಕ್ಕ ಗಾಡಿ ನಿಲ್ಲಿಸುವವರಿಗೆ ಇದು ಗೊತ್ತಿರುವ ಕಾಟವೇ.

ಹಳದಿ ದೀಪಕ್ಕೂ ಕೆಂಪು ದೀಪಕ್ಕೂ ವ್ಯತ್ಯಾಸ ಮರೆಯಬೇಡಿ. ಆಯಿಲ್ ಒತ್ತಡದ ಅಥವಾ ಎಂಜಿನ್ ಬಿಸಿಯ ಕೆಂಪು ದೀಪ ಬಂದರೆ ಮೊಬೈಲ್, ಆ್ಯಪ್ ಯಾವುದೂ ಬೇಡ, ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಪೆಟ್ರೋಲ್ ಗಾಡಿಯಲ್ಲಿ ಹಳದಿ ಎಂಜಿನ್ ದೀಪ ಮಿನುಗೋಕೆ ಶುರುವಾದರೂ ನಿಲ್ಲಿಸೋದೇ ಒಳ್ಳೇದು. ಸಿಲಿಂಡರ್‌ನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತೆ.

ಡಿಪಿಎಫ್ ಬಗ್ಗೆ ರೈತರಿಗೇ ವಿಶೇಷವಾಗಿ ಒಂದು ಮಾತು. ಹಿಡಿದಿಟ್ಟ ಮಸಿಯನ್ನು ಗಾಡಿ ಆಗಾಗ ತಾನೇ ಸುಟ್ಟುಕೊಳ್ಳುತ್ತೆ, ಆಗ ಫಿಲ್ಟರ್‌ನ ಒಳಗೆ ಸುಮಾರು 600 ಡಿಗ್ರಿ ಬಿಸಿ ಇರುತ್ತೆ. ಇದು ನಡೆಯೋಕೆ ಗಾಡಿ ಒಂದಷ್ಟು ಹೊತ್ತು ನಿಲ್ಲದೆ, ಒಂದು ವೇಗದಲ್ಲಿ ಓಡಬೇಕು. ಮನೆಯಿಂದ ತೋಟಕ್ಕೆ, ತೋಟದಿಂದ ಡೇರಿಗೆ, ಮಂಡಿ ಗೇಟಿನಲ್ಲಿ ಗಂಟೆಗಟ್ಟಲೆ ಎಂಜಿನ್ ಆನ್ ಮಾಡಿ ನಿಲ್ಲೋದು, ಹೀಗೇ ಓಡುವ ಗಾಡಿಗೆ ಆ ಅವಕಾಶ ಸಿಗೋದಿಲ್ಲ, ಮಸಿ ತುಂಬುತ್ತಾ ಹೋಗುತ್ತೆ. ಡಿಪಿಎಫ್ ದೀಪ ಬಂದರೆ ಮ್ಯಾನುಯಲ್‌ನಲ್ಲಿ ಹೇಳಿದ ವೇಗದಲ್ಲಿ ಹೆದ್ದಾರಿಯಲ್ಲಿ ಒಂದು ಓಟ ಓಡಿಸಿ ಬನ್ನಿ. ಓಡಿಸಿ ಬಂದ ಗಾಡಿಯನ್ನು ಮಾತ್ರ ಕಣದಲ್ಲಿ ರಾಗಿ ಹುಲ್ಲಿನ ಮೇಲೆ ತಂದು ನಿಲ್ಲಿಸಬೇಡಿ. ಬೆಂಕಿ ಹತ್ತಿಕೊಳ್ಳೋಕೆ ಅಷ್ಟು ಬಿಸಿ ಸಾಕು.

ಗಾಡಿ ಚೆನ್ನಾಗಿರುವಾಗಲೇ ಬರೆದಿಟ್ಕೊಳ್ಳಿ

ಅಡಾಪ್ಟರ್ ತಂದವರು ಸಾಮಾನ್ಯವಾಗಿ ದೀಪ ಬಂದಾಗ ಮಾತ್ರ ಹಾಕ್ತಾರೆ. ನನ್ನ ಕೇಳಿದರೆ ಅದರ ಅರ್ಧ ಉಪಯೋಗ ಗಾಡಿ ಆರೋಗ್ಯವಾಗಿ ಇರುವಾಗಲೇ. ಒಂದು ಭಾನುವಾರ ಎಂಜಿನ್ ಬಿಸಿ ಆದ ಮೇಲೆ ಸುಮ್ಮನೆ ನಿಂತಲ್ಲೇ ಓಡ್ತಿರುವಾಗ ಏನೇನು ಅಂಕಿ ಬರುತ್ತೆ ಅಂತ ಸ್ಕ್ರೀನ್‌ಶಾಟ್ ತೆಗೆದಿಡಿ. ಬ್ಯಾಟರಿ ವೋಲ್ಟೇಜ್, ಕೂಲಂಟ್ ಬಿಸಿ, ರೈಲ್ ಒತ್ತಡ, ಒಳಗೆ ಬರುವ ಗಾಳಿಯ ಪ್ರಮಾಣ. ಎಂಜಿನ್ ಆಫ್ ಇದ್ದಾಗ ಒಳ್ಳೆ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತೆ, ಎಂಜಿನ್ ಓಡ್ತಿರುವಾಗ ಸಾಮಾನ್ಯವಾಗಿ 14ರ ಆಚೀಚೆ. ಉಳಿದ ಅಂಕಿಗಳು ಗಾಡಿಯಿಂದ ಗಾಡಿಗೆ ಬೇರೆ. ಅದಕ್ಕೇ ನಿಮ್ಮ ಗಾಡಿಯದ್ದೇ ಹಳೇ ಅಂಕಿ ಬೇಕಾಗೋದು. ಆರು ತಿಂಗಳ ನಂತರ ಎಳೆತ ಕಮ್ಮಿ ಅನ್ನಿಸಿದಾಗ, ಅವತ್ತು ಎಷ್ಟಿತ್ತು, ಇವತ್ತು ಎಷ್ಟಿದೆ ಅಂತ ಮೆಕ್ಯಾನಿಕ್ ಮುಂದೆ ಇಡಬಹುದು. ನಾಟಿ ಹಸು ಚೆನ್ನಾಗಿದ್ದಾಗ ದಿನಕ್ಕೆ ಎಷ್ಟು ಹಾಲು ಕೊಡ್ತಿತ್ತು ಅಂತ ಗೊತ್ತಿದ್ದರೆ ತಾನೇ ಇವತ್ತು ಕಮ್ಮಿ ಆಗಿದೆ ಅಂತ ಹೇಳೋಕಾಗೋದು.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗಲೂ ಇದನ್ನು ಹಾಕಿ ನೋಡಿ. ಮಾರುವವರು ನೀವು ಬರೋಕೆ ಮುಂಚೆ ಕೋಡ್ ಅಳಿಸಿರಬಹುದು. ಅದೂ ಗೊತ್ತಾಗುತ್ತೆ. ಆ್ಯಪ್‌ನಲ್ಲಿ "ರೆಡಿನೆಸ್" ಅನ್ನೋ ಕಡೆ ನೋಡಿ. ಕೋಡ್ ಅಳಿಸಿದ ಮೇಲೆ ಗಾಡಿ ತನ್ನ ತಪಾಸಣೆಗಳನ್ನು ಮತ್ತೆ ಮೊದಲಿಂದ ಮಾಡಬೇಕಾಗುತ್ತೆ, ಅದಕ್ಕೆ ಸ್ವಲ್ಪ ದಿನ ಓಡಬೇಕು. ಹಲವು ತಪಾಸಣೆ "ಪೂರ್ತಿ ಆಗಿಲ್ಲ" ಅಂತ ತೋರಿಸಿದರೆ, ಯಾರೋ ಇತ್ತೀಚೆಗೆ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ ಅಂತ ತಿಳ್ಕೊಂಡು ನೇರವಾಗಿ ಕೇಳಿ.

ಟ್ರ್ಯಾಕ್ಟರ್‌ಗೆ ಬಂದಾಗ ಬೀಗ

ಇಷ್ಟು ಓದಿ ಮನೆಯ ಟ್ರ್ಯಾಕ್ಟರ್‌ಗೆ ಅಡಾಪ್ಟರ್ ಹಾಕೋಣ ಅಂತ ಹೋದರೆ ಸಾಕೆಟ್ಟೇ ಸಿಗೋದಿಲ್ಲ. ನಮ್ಮಲ್ಲಿ ಹೆಚ್ಚು ಇರೋದು 50 ಎಚ್‌ಪಿ ಒಳಗಿನ ಟ್ರ್ಯಾಕ್ಟರ್‌ಗಳು, ಬಹುತೇಕ ಹಳೇ ಪದ್ಧತಿಯ ಮೆಕ್ಯಾನಿಕಲ್ ಪಂಪಿನವು. ಅವುಗಳಲ್ಲಿ ಓದೋಕೆ ಕಂಪ್ಯೂಟರೇ ಇಲ್ಲ, ಸದ್ದು ಕೇಳಿಯೇ ಹೇಳಬೇಕು. ಆದರೆ 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್-4 ಹೊಗೆ ನಿಯಮ ಬಂತು, ಅದರ ಜೊತೆ ಕಾಮನ್ ರೈಲ್ ಎಂಜಿನ್, ಸೆನ್ಸರ್, ಕಂಪ್ಯೂಟರ್ ಎಲ್ಲ ಬಂದವು. ಇಂಥ ದೊಡ್ಡ ಯಂತ್ರಗಳಲ್ಲಿ ಸಾಕೆಟ್ ಸಾಮಾನ್ಯವಾಗಿ ದುಂಡಗೆ, 9 ಪಿನ್ನಿನದು, ಮಾತಾಡುವ ಭಾಷೆಯೂ ಬೇರೆ. ಕಾರಿನ ಅಗ್ಗದ ಅಡಾಪ್ಟರ್‌ಗೆ ಅದು ಅರ್ಥವಾಗೋದಿಲ್ಲ.

ಕೆಲವು ಮಾದರಿಗಳು ಡ್ಯಾಶ್‌ಬೋರ್ಡಿನ ಮೇಲೇ ಎರಡು ನಂಬರ್ ತೋರಿಸ್ತವೆ, ಎಸ್‌ಪಿಎನ್ ಮತ್ತು ಎಫ್‌ಎಂಐ ಅಂತ. ಮೊದಲನೆಯದು ಯಾವ ಭಾಗ, ಎರಡನೆಯದು ಅದಕ್ಕೇನಾಗಿದೆ. ಎಸ್‌ಪಿಎನ್ 110 ಅಂದ್ರೆ ಕೂಲಂಟ್ ಬಿಸಿ. ಅದರ ಜೊತೆ ಎಫ್‌ಎಂಐ 0 ಇದ್ದರೆ ಎಂಜಿನ್ ನಿಜವಾಗಿಯೂ ಮಿತಿ ಮೀರಿ ಕಾದಿದೆ, ಉಳುಮೆ ನಿಲ್ಲಿಸಿ. ಎಫ್‌ಎಂಐ 4 ಇದ್ದರೆ ಸೆನ್ಸರ್ ವೋಲ್ಟೇಜ್ ಕಮ್ಮಿ, ಅಂದ್ರೆ ಮೊದಲು ನೋಡಬೇಕಾದ್ದು ವೈರು, ಪ್ಲಗ್ಗು. ಎಸ್‌ಪಿಎನ್ 100 ಎಂಜಿನ್ ಆಯಿಲ್ ಒತ್ತಡ. ಈ ಪಟ್ಟಿಯನ್ನು ಡೀಲರ್ ಹತ್ರ ಕೇಳಿ ಇಸ್ಕೊಳ್ಳಿ.

ಮಾಹಿತಿಯನ್ನು ಡೀಲರ್ ಲ್ಯಾಪ್‌ಟಾಪಿನೊಳಗೇ ಕೂಡಿ ಹಾಕೋದರ ವಿರುದ್ಧ ದೊಡ್ಡ ಜಗಳ ನಡೆದಿರೋದು ಅಮೆರಿಕದಲ್ಲಿ. 2012ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಾರಿನ ರಿಪೇರಿ ಮಾಹಿತಿ ಮಾಲೀಕನಿಗೂ ಹೊರಗಿನ ಗ್ಯಾರೇಜಿಗೂ ಸಿಗಬೇಕಾ ಅಂತ ಜನಮತ ಕೇಳಿದರು, ನೂರಕ್ಕೆ 86 ಮಂದಿ ಹೌದು ಅಂದರು. ಆಮೇಲೆ ಕಾರುಗಳು ತಮ್ಮ ಮಾಹಿತಿಯನ್ನು ಸಿಮ್ ಮೂಲಕ ನೇರ ಕಂಪನಿಗೆ ಕಳಿಸೋಕೆ ಶುರು ಮಾಡಿದವು, 2020ರಲ್ಲಿ ಅದರ ಬಗ್ಗೆಯೂ ಮತ ಹಾಕಿಸಿ ಗೆದ್ದರು. ಅಲ್ಲಿನ ರೈತರದ್ದು ಇನ್ನೂ ಕಷ್ಟ. ಕೊಯ್ಲಿನ ಹೊತ್ತಿಗೆ ಯಂತ್ರ ಕೋಡ್ ತೋರಿಸಿ ನಿಂತರೆ ಡೀಲರ್ ಲ್ಯಾಪ್‌ಟಾಪ್ ಬರುವವರೆಗೂ ಬೆಳೆ ಹೊಲದಲ್ಲೇ. 2023ರಲ್ಲಿ ಕೊಲೊರಾಡೊ ರಾಜ್ಯ ಕೃಷಿ ಯಂತ್ರಗಳಿಗೇ ಅಂತ ರಿಪೇರಿ ಹಕ್ಕಿನ ಕಾಯ್ದೆ ಮಾಡಿತು, 2024ರ ಜನವರಿಯಿಂದ ಜಾರಿಯಾಯಿತು. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗವೇ ಜಾನ್ ಡೀರ್ ಕಂಪನಿ ಮೇಲೆ ಕೇಸ್ ಹಾಕಿತು. ಪೂರ್ತಿ ಕೆಲಸ ಮಾಡುವ ರಿಪೇರಿ ಸಾಫ್ಟ್‌ವೇರ್ ಡೀಲರ್‌ಗೆ ಮಾತ್ರ ಕೊಟ್ಟು, ರೈತನಿಗೆ ಅರ್ಧಂಬರ್ಧ ಕೊಡ್ತಿದೆ ಅನ್ನೋದು ಆರೋಪ.

ನಮ್ಮಲ್ಲೂ ಇದು ಹೊಸ ವಿಷಯ ಅಲ್ಲ. ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ದಂಡ ಹಾಕಿತ್ತು. ಹೊರಗಿನ ಗ್ಯಾರೇಜುಗಳಿಗೆ ಅಸಲಿ ಬಿಡಿಭಾಗ, ತಪಾಸಣೆ ಉಪಕರಣ ಸಿಗದ ಹಾಗೆ ಮಾಡಿದ್ದೇ ಕಾರಣ. ಕಂಪನಿಗಳು ಮೇಲ್ಮನವಿ, ಕೋರ್ಟು ಅಂತ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಆ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ಕೂಡ ತೆರೆಯಿತು. ಅದರಲ್ಲಿ ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಇದೆ, ಕೃಷಿ ಯಂತ್ರವೂ ಇದೆ. ಪೋರ್ಟಲ್ ಒಳ್ಳೇದೇ. ಆದರೆ ಕಂಪನಿಗಳು ತಾವಾಗಿ ಮಾಹಿತಿ ಹಾಕೋದಕ್ಕೂ, ಕೊಡಲೇಬೇಕು ಅನ್ನೋ ಕಾಯ್ದೆ ಇರೋದಕ್ಕೂ ವ್ಯತ್ಯಾಸ ಇದೆ. ಕೊಲೊರಾಡೊ ರೈತನ ಕೈಯಲ್ಲಿರೋದು ಎರಡನೆಯದು.

ಅಲ್ಲಿಯವರೆಗೆ ನಮ್ಮ ಬಲ ಇರೋದು ದುಡ್ಡು ಕೊಡುವ ಮುಂಚೆ. ಹೊಸ ಟ್ರ್ಯಾಕ್ಟರ್, ಪಿಕಪ್ ಯಾವುದೇ ಬುಕ್ ಮಾಡುವಾಗ ಸಬ್ಸಿಡಿ, ಎಕ್ಸ್‌ಚೇಂಜ್ ಜೊತೆ ಇದನ್ನೂ ಕೇಳಿ. ತಪಾಸಣೆ ಸಾಕೆಟ್ ಎಲ್ಲಿದೆ, ಎಷ್ಟು ಪಿನ್? ಕೋಡ್ ಡ್ಯಾಶ್‌ಬೋರ್ಡಿನಲ್ಲಿ ಕಾಣುತ್ತಾ? ಕೋಡುಗಳ ಪಟ್ಟಿ ಮ್ಯಾನುಯಲ್‌ನಲ್ಲಿ ಇದೆಯಾ? ಹೊಸ ಸೆನ್ಸರ್ ಅಥವಾ ಇಂಜೆಕ್ಟರ್ ಹಾಕಿದರೆ ಲ್ಯಾಪ್‌ಟಾಪಿನಿಂದ ಒಪ್ಪಿಗೆ ಕೊಡಿಸಬೇಕಾ, ಅದಕ್ಕೆ ಊರಿಗೆ ಬರ್ತೀರಾ, ಎಷ್ಟು ತಗೊಳ್ತೀರಾ? ಸೇಲ್ಸ್ ಹುಡುಗನಿಗೆ ಉತ್ತರ ಗೊತ್ತಿಲ್ಲದಿದ್ದರೆ ಸರ್ವಿಸ್ ಮ್ಯಾನೇಜರ್‌ನ ಕರೆಸಿ. ಎರಡು ಕಂಪನಿ ಮಧ್ಯೆ ತೂಗಾಡ್ತಿದ್ದೀರಾ ಅಂದ್ರೆ, ಈ ಪ್ರಶ್ನೆಗಳಿಗೆ ಯಾರು ಸರಿಯಾಗಿ ಉತ್ತರ ಕೊಡ್ತಾರೋ ಅವರ ಕಡೆ ವಾಲಿ ಅಂತೀನಿ ನಾನು.

ಈಗಾಗಲೇ ಗಾಡಿ ಇರುವವರು, ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಕೋಡಿನ ನಂಬರನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಸ್ಕ್ಯಾನ್ ರಿಪೋರ್ಟಿನ ಪ್ರಿಂಟ್ ಕೇಳಿ. ಸ್ಕ್ಯಾನ್‌ಗೆ ದುಡ್ಡು ತಗೊಂಡಿದ್ದಾರೆ ಅಂದ್ಮೇಲೆ ಅದರ ಫಲಿತಾಂಶ ಕೇಳೋಕೆ ಸಂಕೋಚ ಬೇಡ. ಹಳೇ ಪಾರ್ಟ್ ವಾಪಸ್ ತಗೊಳ್ಳಿ. ಗಾಡಿ ವಾರಂಟಿಯಲ್ಲಿದ್ದರೆ ನಿಮ್ಮ ಮೊಬೈಲಿನಲ್ಲಿ ಕೋಡ್ ಓದಿ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಆದರೆ ಅಳಿಸೋದು, ವೈರ್ ಬಿಚ್ಚೋದು ಮಾಡಬೇಡಿ, ಆಮೇಲೆ ಅದೇ ನೆಪ ಆಗುತ್ತೆ. ನಂಬರ್ ಕೊಡೋದಿಲ್ಲ ಅಂತ ಹಟ ಮಾಡಿದರೆ, ಬಿಲ್ ಮತ್ತು ಜಾಬ್ ಕಾರ್ಡಿನ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.